ಮಳೆಯೂರಿನಿಂದ ಒಣನಾಡಿಗೆ: ದರ್ಬೆಯಿಂದ ಐದು ದಿನದ ಕಾರು ಪ್ರವಾಸ

ಮರುಭೂಮಿಯ ವನ್ಯಜೀವಿಗಳನ್ನು ಕಾರಿನಲ್ಲೇ ಸುತ್ತಿ ನೋಡಬೇಕೆಂಬ ಆಸೆ ನಮ್ಮ ಕಡೆಯ ಗೆಳೆಯರ ಗುಂಪುಗಳಲ್ಲಿ ಆಗಾಗ ಮೊಳೆಯುತ್ತದೆ. ಮೊದಲು ನೆನಪಾಗುವುದು ರಾಜಸ್ಥಾನದ ಜೈಸಲ್ಮೇರ್ ಬಳಿಯ ಡೆಸರ್ಟ್ ನ್ಯಾಷನಲ್ ಪಾರ್ಕ್. 3,162 ಚದರ ಕಿಲೋಮೀಟರ್ ವಿಸ್ತಾರದ ಮರಳು, ಬಂಡೆ ಮತ್ತು ಹುಲ್ಲಿನ ನಾಡು ಅದು. ಆದರೆ ಪುತ್ತೂರಿನಿಂದ ಅಲ್ಲಿಗೆ ಕಾರಿನಲ್ಲಿ ಹೋಗಿ ಬರಲು ರಜೆಯೆಲ್ಲ ರಸ್ತೆಯಲ್ಲೇ ಕಳೆಯುತ್ತದೆ. ದೇಶದಲ್ಲಿ ರಾಜಸ್ಥಾನ ಬಿಟ್ಟರೆ ಅತಿ ಹೆಚ್ಚು ಬರಪೀಡಿತ ನೆಲವಿರುವುದು ಕರ್ನಾಟಕದಲ್ಲಿ. ಪುತ್ತೂರಿನ ದರ್ಬೆ ವೃತ್ತದಿಂದ ಬೆಳಗಿನ ಜಾವ ಹೊರಟವರು ಅದೇ ಮಧ್ಯಾಹ್ನ ಆ ನೆಲದ ಅಂಚಿನಲ್ಲಿ ನಿಂತು ಕೃಷ್ಣಮೃಗ ನೋಡಬಹುದು.

ನಮ್ಮ ರಾಜ್ಯದ ಐದು ರಾಷ್ಟ್ರೀಯ ಉದ್ಯಾನಗಳು ಬಂಡೀಪುರ, ನಾಗರಹೊಳೆ, ಕುದುರೆಮುಖ, ಅಣಶಿ ಮತ್ತು ಬನ್ನೇರುಘಟ್ಟ. ಬಯಲುಸೀಮೆಯ ಹುಲ್ಲುಗಾವಲಿಗೆ ಆ ಪಟ್ಟ ಸಿಕ್ಕಿಲ್ಲ. ಅಲ್ಲಿರುವುದು ವನ್ಯಜೀವಿಧಾಮಗಳು, ಸಂರಕ್ಷಣಾ ಮೀಸಲುಗಳು ಮತ್ತು ಹಳೆಯ ಕಾವಲುಗಳು. ಹೆಸರು ಚಿಕ್ಕದಾದ್ದರಿಂದ ಪ್ರವಾಸಿಗರು ಕಡಿಮೆ, ಸೌಕರ್ಯವೂ ಕಡಿಮೆ. ಹಾಗಾಗಿ ಇಲ್ಲಿಗೆ ಹೋಗುವ ಗುಂಪು ತನ್ನ ತಯಾರಿಯನ್ನು ತಾನೇ ಮಾಡಿಕೊಳ್ಳಬೇಕು. ನಾಲ್ಕು ಸಾವಿರ ಮಿಲಿಮೀಟರ್‌ನಷ್ಟು ಮಳೆ ಬೀಳುವ ಊರಿನವರಾದ ನಮಗೆ ಐನೂರು ಆರುನೂರು ಮಿಲಿಮೀಟರ್‌ನಲ್ಲಿ ಬದುಕುವ ನಾಡಿನ ರಸ್ತೆ, ಮಣ್ಣು, ಬಿಸಿಲು ಎಲ್ಲವೂ ಹೊಸತು.

ಯಾವಾಗ ಹೊರಡಬೇಕು? ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ. ಬಯಲುಸೀಮೆಯ ಮುಖ್ಯ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದು ಮುಗಿದ ಮೇಲೆ ಕೆರೆಗಳಲ್ಲಿ ನೀರಿರುತ್ತದೆ, ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ, ವಲಸೆ ಹಕ್ಕಿಗಳು ಬಂದಿರುತ್ತವೆ. ಮಾರ್ಚ್ ಬಂತೆಂದರೆ ಬಳ್ಳಾರಿ, ಹೊಸಪೇಟೆ ಕಡೆ ಬಿಸಿಲು ನಲವತ್ತು ಡಿಗ್ರಿಯತ್ತ ಏರತೊಡಗುತ್ತದೆ; ಮಕ್ಕಳು, ಹಿರಿಯರು ಜೊತೆಗಿದ್ದರೆ ಆಗ ಬೇಡವೇ ಬೇಡ. ಅಡಕೆ ತೋಟ ಇರುವವರು ಮೊದಲ ಕೊಯ್ಲು ಮುಗಿಸಿ, ತೋಟಕ್ಕೆ ನೀರು ಬಿಡುವ ಕೆಲಸ ಜೋರಾಗುವ ಮೊದಲು ಹೊರಟರೆ ಮನಸ್ಸಿಗೂ ನಿರಾಳ. ಕ್ರಿಸ್ಮಸ್ ರಜೆಯ ವಾರವನ್ನು ಮಾತ್ರ ಬಿಟ್ಟುಬಿಡಿ. ಆಗ ಹಂಪಿಯಲ್ಲಿ ಕೋಣೆಯೂ ಸಿಗದು, ನೆಮ್ಮದಿಯೂ ಇರದು.

ಗುಂಪು ಎಷ್ಟು ದೊಡ್ಡದಿರಬೇಕು ಎನ್ನುವುದರ ಮೇಲೆ ಇಡೀ ಪ್ರವಾಸ ನಿಂತಿದೆ. ಮೂರು ಕಾರು, ಹನ್ನೆರಡು ಜನ ಸಾಕು. ನಾಲ್ಕನೆಯ ಕಾರು ಸೇರಿದ ಕೂಡಲೇ ಚಹಾಕ್ಕೆ ನಿಂತಲ್ಲಿ ಮುಕ್ಕಾಲು ಗಂಟೆ ಹೋಗುತ್ತದೆ, ವೀಕ್ಷಣಾ ಗೋಪುರದಲ್ಲಿ ಜಾಗ ಸಾಲುವುದಿಲ್ಲ, ಸದ್ದು ಹೆಚ್ಚುತ್ತದೆ. ಹುಲ್ಲುಗಾವಲಿನಲ್ಲಿ ಅಡಗಲು ಮರಗಳಿಲ್ಲ. ನಾವು ಪ್ರಾಣಿಯನ್ನು ಕಾಣುವ ಎಷ್ಟೋ ಮೊದಲೇ ಅದು ನಮ್ಮನ್ನು ಕಂಡಿರುತ್ತದೆ. ಪ್ರತಿ ಕಾರಿಗೂ ಇಬ್ಬರು ಡ್ರೈವಿಂಗ್ ಬಲ್ಲವರಿರಲಿ. ಬಾಡಿಗೆಗೆ ವಾಹನ ತೆಗೆದುಕೊಳ್ಳುವುದಾದರೆ ಹಳದಿ ಬೋರ್ಡಿನದ್ದೇ ಆಗಿರಲಿ. ಪರಿಚಯದವರ ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯ ಹಣಕ್ಕೂ ತೊಂದರೆ.

ಸಾಲಾಗಿ ಹೋಗುವ ಗುಂಪುಗಳಲ್ಲಿ ದೊಡ್ಡ ಅಪಾಯ ಇರುವುದು ‘ಮುಂದಿನ ಕಾರು ತಪ್ಪಿಹೋದೀತು’ ಎಂಬ ಆತಂಕದಲ್ಲಿ. ಮುಂದಿನವನು ಲಾರಿಯನ್ನು ಹಿಂದೆ ಹಾಕಿದನೆಂದು ಹಿಂದಿನವನೂ ತಿರುವಿನಲ್ಲಿ ನುಗ್ಗುತ್ತಾನೆ. ಇದಕ್ಕೆ ಪರಿಹಾರ ಸುಲಭ: ಯಾರೂ ಯಾರನ್ನೂ ಹಿಂಬಾಲಿಸಬೇಕಾಗಿಲ್ಲ. ಐವತ್ತು ಅರವತ್ತು ಕಿಲೋಮೀಟರಿಗೊಂದು ಸೇರುವ ಜಾಗವನ್ನು ಮೊದಲೇ ಗೊತ್ತು ಮಾಡಿ, ಎಲ್ಲರೂ ತಮ್ಮ ತಮ್ಮ ವೇಗದಲ್ಲಿ ಅಲ್ಲಿಗೆ ತಲುಪುವುದು. ದಾರಿ ಚೆನ್ನಾಗಿ ಬಲ್ಲವರು ಮುಂದೆ ಇರಲಿ, ವಾಹನದ ರಿಪೇರಿ ಬಲ್ಲವರು ಕೊನೆಯ ಕಾರಿನಲ್ಲಿ. ಹಗ್ಗ, ಪಂಕ್ಚರ್ ಕಿಟ್, ಗಾಳಿ ತುಂಬುವ ಪಂಪ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಅಲ್ಲಿರಲಿ. ಘಾಟಿಯಲ್ಲಿ ಎರಡು ಕಾರುಗಳ ನಡುವೆ ಇನ್ನೊಂದು ಬಸ್ಸು ಬಂದು ಸೇರುವಷ್ಟು ಅಂತರ ಬಿಡಿ.

ಹಿಂದಿನ ರಾತ್ರಿಯೇ ಪೆಟ್ರೋಲ್ ತುಂಬಿಸಿ, ಟೈರಿನ ಗಾಳಿ, ಕೂಲೆಂಟ್, ಸ್ಟೆಪ್ನಿ ನೋಡಿಟ್ಟುಕೊಳ್ಳಿ. ಐದು ಗಂಟೆಗೆ ದರ್ಬೆಯಿಂದ ಹೊರಟು ಉಪ್ಪಿನಂಗಡಿ, ಗುರುವಾಯನಕೆರೆ, ಬೆಳ್ತಂಗಡಿ ದಾಟಿ ಉಜಿರೆ. ಸುಳ್ಯ, ಕಡಬದವರು ಪುತ್ತೂರಿಗೆ ಬಂದು ಸುತ್ತಬೇಕಾಗಿಲ್ಲ. ಮರ್ದಾಳ, ಪೆರಿಯಶಾಂತಿ, ಕೊಕ್ಕಡ, ಧರ್ಮಸ್ಥಳದ ದಾರಿಯಾಗಿ ಬಂದು ಉಜಿರೆಯಲ್ಲೇ ಸೇರಿಕೊಳ್ಳಬಹುದು. ಅಲ್ಲಿಂದ ಚಾರ್ಮಾಡಿ ಘಾಟಿ. 2019ರ ಆಗಸ್ಟಿನ ಭೂಕುಸಿತದ ಬಳಿಕ ತಿಂಗಳುಗಟ್ಟಲೆ ಮುಚ್ಚಿದ್ದ ಈ ರಸ್ತೆಯಲ್ಲಿ ಮಳೆಗಾಲದಲ್ಲಿ ನಿರ್ಬಂಧಗಳು ಬರುತ್ತಿರುತ್ತವೆ. ಚಳಿಗಾಲದಲ್ಲಿ ತೊಡಕಾಗುವುದು ಮಂಜು. ಬೆಳಕು ಹರಿದ ಮೇಲೆ ಹತ್ತುವಂತೆ ಸಮಯ ಹೊಂದಿಸಿಕೊಳ್ಳಿ. ಹೈ ಬೀಮ್ ಹಾಕಿದರೆ ಮಂಜಿನಲ್ಲಿ ರಸ್ತೆ ಇನ್ನಷ್ಟು ಮಸುಕಾಗುತ್ತದೆ, ಲೋ ಬೀಮ್‌ನಲ್ಲೇ ಹೋಗಿ. ಮೇಲೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವುದು ಸರಿಯಲ್ಲ. ತೇಜಸ್ವಿ ಪ್ರತಿಷ್ಠಾನವೂ ಅಲ್ಲೇ ಇದೆ. ಮಕ್ಕಳಿದ್ದರೆ ಅರ್ಧ ಗಂಟೆ ಮೀಸಲಿಡಿ.

ಮೂಡಿಗೆರೆ, ಚಿಕ್ಕಮಗಳೂರು ದಾಟಿ ಕಡೂರಿನತ್ತ ಇಳಿಯುವ ದಾರಿಯನ್ನು ನಿದ್ದೆಯಲ್ಲಿ ಕಳೆಯಬೇಡಿ. ಕಾಫಿ ತೋಟ ಮುಗಿದು, ಮರಗಳು ವಿರಳವಾಗಿ, ತೆಂಗು ಬಂದು, ರಾಗಿ ಹೊಲ ಬಂದು, ಆಕಾಶ ಅಗಲವಾಗುತ್ತದೆ. ಘಟ್ಟ ಮಳೆಮೋಡವನ್ನು ತಡೆದು ನಿಲ್ಲಿಸುವುದೆಂದರೆ ಏನೆಂದು ಶಾಲೆಯಲ್ಲಿ ಓದಿದ್ದನ್ನು ಒಂದೂವರೆ ಗಂಟೆಯ ಪ್ರಯಾಣದಲ್ಲಿ ಕಣ್ಣಾರೆ ಕಾಣಬಹುದು.

ಕಡೂರಿನ ಬಳಿ ಬಾಸೂರು ಅಮೃತಮಹಲ್ ಕಾವಲು ಇದೆ. 2011ರಲ್ಲಿ ಸಂರಕ್ಷಣಾ ಮೀಸಲೆಂದು ಘೋಷಿತವಾದ ಈ ಜಾಗ ಏಳು ಚದರ ಕಿಲೋಮೀಟರಿಗೆ ತುಸು ಹೆಚ್ಚು, ಅಷ್ಟೇ. ಮೊದಲ ನೋಟಕ್ಕೆ ಇಲ್ಲಿ ಏನೂ ಇಲ್ಲ ಎನ್ನಿಸುತ್ತದೆ. ಕಾರಿನ ಎಂಜಿನ್ ನಿಲ್ಲಿಸಿ, ಹತ್ತು ನಿಮಿಷ ಮಾತಿಲ್ಲದೆ ಕುಳಿತರೆ ಹುಲ್ಲಿನ ನಡುವೆ ಕೃಷ್ಣಮೃಗಗಳ ಕೊಂಬು ಕಾಣತೊಡಗುತ್ತದೆ. ಗಂಡು ಕಪ್ಪು–ಬಿಳುಪು, ತಿರುಚಿದ ಕೊಂಬು. ಹೆಣ್ಣು ಕಂದು ಬಣ್ಣ, ಕೊಂಬಿಲ್ಲ. ಈ ನೆಲದ ಚರಿತ್ರೆಯೂ ದೊಡ್ಡದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳಿಗೆ ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಬಂತು. ಸೇನೆಯ ಫಿರಂಗಿ ಎಳೆಯುತ್ತಿದ್ದ ಆ ರಾಸುಗಳ ಮೇವಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ತಳಿ ಸಂವರ್ಧನಾ ಕೇಂದ್ರ ಇಂದಿಗೂ ಪಕ್ಕದ ಅಜ್ಜಂಪುರದಲ್ಲಿದೆ. ದನಕ್ಕೆಂದು ಕಾದ ಹುಲ್ಲು ಜಿಂಕೆ, ತೋಳ, ನೆಲದ ಹಕ್ಕಿಗಳನ್ನೂ ಉಳಿಸಿತು. ‘ಖಾಲಿ ಬಿದ್ದ ಜಾಗ’ ಎಂಬ ಲೆಕ್ಕದಲ್ಲಿ ಇಂಥ ಎಷ್ಟೋ ಕಾವಲುಗಳು ಬೇರೆ ಉಪಯೋಗಕ್ಕೆ ಹೋದವು. ಚಳ್ಳಕೆರೆಯಲ್ಲಿ ಹತ್ತು ಸಾವಿರ ಎಕರೆಯಷ್ಟು ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾದಾಗ ಕುರಿ, ದನ ಮೇಯಿಸುತ್ತಿದ್ದ ಊರುಗಳು ಹಸಿರು ನ್ಯಾಯಮಂಡಳಿಯವರೆಗೆ ಹೋದವು. ಇದನ್ನು ತಿಳಿದು ನೋಡುವವರಿಗೆ ಬಾಸೂರಿನ ಆ ಸಣ್ಣ ತುಂಡಿನ ಬೆಲೆ ಬೇರೆಯೇ.

ಕಾವಲಿನೊಳಗೆ ಹೋಗಲು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಮೊದಲೇ ಕೇಳಿ, ಅವರು ಹೇಳಿದ ದಾರಿಯಲ್ಲೇ ಹೋಗಿ. ಇದು ಪ್ರವಾಸದ ಎಲ್ಲ ತಾಣಗಳಿಗೂ ಅನ್ವಯಿಸುವ ಮಾತು. ಅನುಮತಿಯಿಲ್ಲದೆ ವನ್ಯಜೀವಿಧಾಮದೊಳಗೆ ನುಗ್ಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ದಾರಿ ಬಿಟ್ಟು ಹುಲ್ಲಿನ ಮೇಲೆ ಕಾರು ಓಡಿಸುವುದಂತೂ ಘೋರ ತಪ್ಪು: ಟಿಟ್ಟಿಭ, ನೆಲಗುಬ್ಬಿಗಳು ಮೊಟ್ಟೆ ಇಡುವುದು ಬರಿ ನೆಲದ ಮೇಲೆ, ಕಲ್ಲಿನಂತೆಯೇ ಕಾಣುವ ಬಣ್ಣದಲ್ಲಿ. ಓಡುವ ಜಿಂಕೆಯ ಪಕ್ಕ ಕಾರು ಓಡಿಸಿ ವಿಡಿಯೊ ಮಾಡುವುದು, ಡ್ರೋನ್ ಹಾರಿಸುವುದು, ದಾರಿಯಲ್ಲಿ ಸಿಕ್ಕ ನಕ್ಷತ್ರ ಆಮೆಯನ್ನು ಎತ್ತಿ ಫೋಟೊ ತೆಗೆಯುವುದು, ಇವು ಬೇಡವೆಂದು ಹೊರಡುವ ಮೊದಲೇ ಗುಂಪಿನಲ್ಲಿ ಸ್ಪಷ್ಟವಾಗಿ ಮಾತಾಡಿಕೊಳ್ಳಿ. ಅಲ್ಲಿ ಹೋಗಿ ಹೇಳಿದರೆ ಮನಸ್ತಾಪವಾಗುತ್ತದೆ.

ಆ ರಾತ್ರಿಯ ವಾಸ ಚಿತ್ರದುರ್ಗದಲ್ಲಿ. ದರ್ಬೆಯಿಂದ ಸುಮಾರು 290 ಕಿಲೋಮೀಟರ್. ಏಳು ಸುತ್ತಿನ ಕೋಟೆಯನ್ನು ಮರುದಿನ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹತ್ತಿಬಿಡಿ. ಮಳೆನೀರು ಒಂದು ಹೊಂಡದಿಂದ ಇನ್ನೊಂದಕ್ಕೆ ಇಳಿದು ಬರುವಂತೆ ಮಾಡಿದ ವ್ಯವಸ್ಥೆಯನ್ನು ಗಮನಿಸಿ. ನೀರು ಕಡಿಮೆ ಇರುವ ನಾಡಿನ ಜಾಣತನ ಅಲ್ಲಿದೆ. ಹೊತ್ತಿದ್ದವರು ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರಕ್ಕೂ ಹೋಗಿ ಬರಬಹುದು. 1907ರಲ್ಲಿ ಮುಗಿದ ಈ ಅಣೆಕಟ್ಟು 1933ರಲ್ಲೊಮ್ಮೆ ತುಂಬಿ ಕೋಡಿ ಹರಿದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಮ್ಮ ಕಡೆ ಕಿಂಡಿ ಅಣೆಕಟ್ಟು ಪ್ರತಿ ಜೂನಿನಲ್ಲೂ ಉಕ್ಕುತ್ತದೆ. ಅಲ್ಲಿ ಒಂದು ಕೋಡಿಗಾಗಿ ಮೂರು ತಲೆಮಾರು ಕಾದವು.

ಚಿತ್ರದುರ್ಗದಿಂದ ಹೊಸಪೇಟೆಗೆ 135 ಕಿಲೋಮೀಟರಿನಷ್ಟು ಹೆದ್ದಾರಿ. ಎಡಕ್ಕೆ ಜಗಳೂರಿನ ಕಡೆ ಕೊಂಡುಕುರಿಗೆಂದೇ 2011ರಲ್ಲಿ ಘೋಷಿಸಿದ ರಂಗಯ್ಯನದುರ್ಗ ಧಾಮ, ಮುಂದೆ ಕೂಡ್ಲಿಗಿ ತಾಲ್ಲೂಕಿನಲ್ಲಿ ಗುಡೇಕೋಟೆ ಕರಡಿಧಾಮ. ಎರಡೂ ಒಳ್ಳೆಯ ಕಾಡುಗಳೇ. ಆದರೆ ಒಂದೇ ದಿನ ಮೂರು ಕಡೆ ಓಡಿದರೆ ಎಲ್ಲಿಯೂ ಏನೂ ಕಾಣುವುದಿಲ್ಲ. ನನ್ನ ಸಲಹೆ: ನೇರ ಕಮಲಾಪುರಕ್ಕೆ ಹೋಗಿ, ಊಟ ಮಾಡಿ, ದರೋಜಿಗೆ ಸಾಕಷ್ಟು ಹೊತ್ತು ಕೊಡಿ.

ದರೋಜಿ ಕರಡಿಧಾಮ ಈ ಪ್ರವಾಸದ ಹೃದಯ. 1994ರಲ್ಲಿ ಆರಂಭವಾಗಿ ಈಗ 82 ಚದರ ಕಿಲೋಮೀಟರ್ ದಾಟಿರುವ ಈ ಧಾಮ ಹಂಪಿಯಿಂದ ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿದೆ. ಕರಡಿಕಲ್ಲುಗುಡ್ಡದ ಎದುರಿನ ವೀಕ್ಷಣಾ ಗೋಪುರಕ್ಕೆ ಪ್ರವೇಶ ಮಧ್ಯಾಹ್ನದ ಬಳಿಕ. ಸಿಬ್ಬಂದಿ ಬಂಡೆಗಳ ಮೇಲೆ ಬೆಲ್ಲ, ಜೇನಿನ ಪಾಕ ಸವರಿ ಹೋದ ಮೇಲೆ ಮೊದಲು ಬರುವುದು ನವಿಲು, ಮುಂಗುಸಿ, ಅದೃಷ್ಟವಿದ್ದರೆ ಬಣ್ಣದ ಚುಕ್ಕೆಗಳ ಪೇಂಟೆಡ್ ಸ್ಪರ್‌ಫೌಲ್. ಬಿಸಿಲು ಇಳಿಯುತ್ತ ಬಂದಂತೆ ಗುಹೆಗಳಿಂದ ಕರಡಿ ಇಳಿಯುತ್ತದೆ. ಕೆಲವೊಮ್ಮೆ ತಾಯಿಯ ಬೆನ್ನ ಮೇಲೆ ಮರಿಗಳೂ ಇರುತ್ತವೆ. ಗೋಪುರದಿಂದ ಬಂಡೆಗೆ ದೂರವಿದೆ. ಮೊಬೈಲ್ ಕ್ಯಾಮೆರಾ ನಂಬಿ ಹೋದವರಿಗೆ ಕಪ್ಪು ಚುಕ್ಕೆಯಷ್ಟೇ ಸಿಗುತ್ತದೆ, ಹಾಗಾಗಿ ಮೂರು ಕಾರಿಗೆ ಎರಡಾದರೂ ದುರ್ಬೀನು ಇರಲಿ. ಎರಡು ಗಂಟೆ ಕೂರಲು ಮಕ್ಕಳಿಗೆ ಕಷ್ಟ. ಕಮಲಾಪುರದಲ್ಲೇ ಇರುವ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯದ ಸಫಾರಿಗೆ ಅವರನ್ನು ಬೇರೆ ಕಳಿಸುವುದು ಎಲ್ಲರಿಗೂ ಒಳ್ಳೆಯದು. ಗುಂಪೆಂದರೆ ಸದಾ ಒಟ್ಟಿಗೇ ಇರಬೇಕೆಂದೇನಿಲ್ಲ.

ವಾಸಕ್ಕೆ ಕಮಲಾಪುರದಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಭುವನೇಶ್ವರಿ ಇದೆ, ಜಂಗಲ್ ಲಾಡ್ಜಸ್‌ನ ರೆಸಾರ್ಟೂ ಇದೆ. ಕಡಿಮೆ ಖರ್ಚಿಗೆ ಹೊಸಪೇಟೆಯ ಲಾಡ್ಜುಗಳು. ಎರಡು ರಾತ್ರಿ ಒಂದೇ ಕಡೆ ಉಳಿಯಿರಿ. ಮೂರನೆಯ ದಿನ ಬೆಳಿಗ್ಗೆ ಹಂಪಿ. ಅದರ ಗುಡಿ, ಮಂಟಪಗಳ ಬಗ್ಗೆ ಹೇಳುವವರು ಬಹಳ ಮಂದಿ ಇದ್ದಾರೆ. ನಾನು ಹೇಳುವುದು ಬಂಡೆಗಳ ಬಗ್ಗೆ ಮಾತ್ರ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಅದು. ಬಿಸಿಲು, ನೀರು, ಗಾಳಿ ಸೇರಿ ಬಿರುಕುಗಳುದ್ದಕ್ಕೂ ಸವೆಸಿ ಗುಂಡಾಗಿಸಿ ಇಟ್ಟ ಕಲ್ಲುಗಳು. ಕರಡಿ, ಚಿರತೆಗಳಿಗೆ ಮನೆ ಕೊಟ್ಟದ್ದೂ ಅವೇ. ಹತ್ತೂವರೆಯ ಹೊತ್ತಿಗೆ ಕೋಣೆಗೆ ಮರಳಿ ವಿಶ್ರಾಂತಿ ತೆಗೆದುಕೊಂಡು, ಸಂಜೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋಗಿ. ಕೆರೆಯೊಳಗಿನ ಜಾಲಿ ಮರಗಳ ಮೇಲೆ ನೀರುಹಕ್ಕಿಗಳ ದೊಡ್ಡ ಸಂತೆಯೇ ಇರುತ್ತದೆ. ಊರವರು ಕಾಪಾಡಿಕೊಂಡು ಬಂದ ಈ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು.

ಈಗ ಮಣ್ಣಿನ ಮಾತು. ಮುರಕಲ್ಲಿನ ನೆಲದಲ್ಲಿ ಡ್ರೈವಿಂಗ್ ಕಲಿತ ನಮಗೆ ಮಳೆ ನಿಂತ ಅರ್ಧ ಗಂಟೆಯಲ್ಲಿ ಕಚ್ಚಾ ರಸ್ತೆಯಲ್ಲೂ ಕಾರು ಓಡಿಸಬಹುದೆಂಬ ಧೈರ್ಯವಿದೆ. ಕೊಪ್ಪಳ, ಗದಗ ಕಡೆಯ ಎರೆಮಣ್ಣಿನಲ್ಲಿ ಆ ಧೈರ್ಯ ನಡೆಯದು. ಒದ್ದೆಯಾದ ಎರೆ ಚಕ್ರಕ್ಕೆ ಹಲಸಿನ ಮೇಣದಂತೆ ಮೆತ್ತಿಕೊಂಡು ಮಡ್‌ಗಾರ್ಡ್‌ವರೆಗೂ ತುಂಬುತ್ತದೆ, ಚಕ್ರವೇ ತಿರುಗುವುದಿಲ್ಲ. ಮಳೆ ಬಂದಿದ್ದರೆ ಡಾಂಬರು ಬಿಟ್ಟು ಕೆಳಗೆ ಇಳಿಯಬೇಡಿ. ಒಣಗಿದ್ದಾಗ ಇನ್ನೊಂದು ಕಾಟ: ರಸ್ತೆ ಬದಿಯಲ್ಲೆಲ್ಲ ಹಬ್ಬಿರುವ ಬಳ್ಳಾರಿ ಜಾಲಿಯ ಮುಳ್ಳು ಟೈರಿನೊಳಗೆ ಸಲೀಸಾಗಿ ಇಳಿಯುತ್ತದೆ. ಕಾರು ನಿಲ್ಲಿಸುವ ಮೊದಲು ಒಬ್ಬರು ಇಳಿದು ನೆಲ ನೋಡಲಿ.

ಇನ್ನೂ ಗಂಭೀರವಾದದ್ದು ರಸ್ತೆಯ ಮೇಲಿನ ಒಕ್ಕಣೆ. ನವೆಂಬರಿನಿಂದ ಜನವರಿಯವರೆಗೆ ಹಳ್ಳಿ ರಸ್ತೆಗಳಲ್ಲಿ ರಾಗಿ, ನವಣೆ, ಹುರುಳಿಯನ್ನು ಹರಡಿರುತ್ತಾರೆ. ಹುರುಳಿ ಬಳ್ಳಿ ಕಾರಿನ ಅಡಿಯಲ್ಲಿ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಹೀಗೆ ಸುಟ್ಟುಹೋದ ಕಾರುಗಳಿವೆ. ಪಕ್ಕದಲ್ಲಿ ಜಾಗವಿದ್ದರೆ ತಪ್ಪಿಸಿ ಹೋಗಿ. ದಾಟಲೇಬೇಕಾದರೆ ದಾಟಿದ ಮೇಲೆ ನಿಲ್ಲಿಸಿ, ಅಡಿಯಲ್ಲಿ ಬಗ್ಗಿ ನೋಡಿ, ಸಿಕ್ಕಿದ್ದನ್ನು ಕಿತ್ತುಹಾಕಿ. ಪ್ರತಿ ಕಾರಿನಲ್ಲೂ ಬೆಂಕಿ ನಂದಿಸುವ ಸಣ್ಣ ಸಿಲಿಂಡರ್ ಇರಲಿ. ಕುರಿ ಮಂದೆ ಎದುರಾದರೆ ಹಾರ್ನ್ ಬಾರಿಸದೆ ನಿಂತುಬಿಡಿ, ಕುರುಬರೇ ದಾರಿ ಬಿಡಿಸುತ್ತಾರೆ. ಕತ್ತಲಾದ ಮೇಲೆ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುತ್ತವೆ. ಆರೂವರೆಗೆ ವಾಸದ ಜಾಗ ಸೇರುವ ನಿಯಮವನ್ನು ಗುಂಪಿನಲ್ಲಿ ಯಾರೂ ಮುರಿಯಬಾರದು.

ನೀರು ತಲೆಗೆ ದಿನಕ್ಕೆ ಮೂರು ನಾಲ್ಕು ಲೀಟರಿನ ಲೆಕ್ಕದಲ್ಲಿ ಕಾರಿನಲ್ಲೇ ಇರಲಿ. ಬಯಲುಸೀಮೆಯ ಹಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು; ಊರೂರಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಕ್ಯಾನ್ ತುಂಬಿಸಿಕೊಂಡರೆ ಪ್ಲಾಸ್ಟಿಕ್ ಬಾಟಲಿಯ ರಾಶಿಯೂ ತಪ್ಪುತ್ತದೆ. ಮನೆಯಿಂದ ಪುನರ್ಪುಳಿ ಸಿರಪ್ಪು, ಉಪ್ಪು, ಸಕ್ಕರೆ ಒಯ್ಯಿರಿ. ಊಟಕ್ಕೆ ಕುಚ್ಚಲಕ್ಕಿ ಹುಡುಕುತ್ತ ಅಲೆಯಬೇಡಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಆ ಬಿಸಿಲಿಗೆ ಹೇಳಿ ಮಾಡಿಸಿದ ಊಟ. ನೆಟ್‌ವರ್ಕ್ ಇಲ್ಲದ ಕಡೆ ಫೋನ್ ಪಾವತಿ ನಡೆಯದು, ನಗದು ಇರಲಿ. ನಕ್ಷೆಯನ್ನೂ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ತುರ್ತಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆಯಾದರೆ 1033, ಅರಣ್ಯ ಇಲಾಖೆಗೆ 1926. ಈ ನಾಲ್ಕನ್ನೂ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ.

ನಾಲ್ಕನೆಯ ದಿನ ಹೊಸಪೇಟೆಯಿಂದ ಕೊಪ್ಪಳದ ಮೇಲೆ ಗದಗದ ಕಡೆ. ದಾರಿಯಲ್ಲಿ ಲಕ್ಕುಂಡಿಯ ಗುಡಿ, ಬಾವಿಗಳಿಗೆ ಒಂದು ಗಂಟೆ. ಗದಗದಿಂದ ಇಪ್ಪತ್ತಾರು ಕಿಲೋಮೀಟರಿನಲ್ಲಿ ಮಾಗಡಿ ಕೆರೆ; ಇದೂ 2024ರಲ್ಲಿ ರಾಮ್ಸರ್ ತಾಣವಾಯಿತು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯಲು ಸಾವಿರಾರು ಸಂಖ್ಯೆಯಲ್ಲಿ ಇಲ್ಲಿ ಇಳಿಯುತ್ತವೆ. ಅವು ಬೆಳಿಗ್ಗೆ, ಸಂಜೆ ಸುತ್ತಲ ಹೊಲಗಳಿಗೆ ಮೇಯಲು ಹೋಗಿ, ಹಗಲಿನ ಹೆಚ್ಚು ಹೊತ್ತು ಕೆರೆಯಲ್ಲಿ ವಿಶ್ರಮಿಸುತ್ತವೆ, ಹಾಗಾಗಿ ಮಧ್ಯಾಹ್ನ ತಲುಪಿದರೂ ನಷ್ಟವಿಲ್ಲ. ಪಶ್ಚಿಮ ದಿಕ್ಕಿನ ಬಿಸಿಲು ಕಣ್ಣಿಗೆ ಹೊಡೆಯದ ಕಡೆ ನಿಂತುಕೊಳ್ಳಿ. ಆಚೆಗೆ ಕಾಣುವ ಗುಡ್ಡಸಾಲು ಕಪ್ಪತಗುಡ್ಡ. ಗಣಿಗಾರಿಕೆಯ ವಿರುದ್ಧ ಗದಗದ ಜನ ಹೋರಾಡಿ ಉಳಿಸಿಕೊಂಡ ಆ ಬೆಟ್ಟ 2019ರಲ್ಲಿ ವನ್ಯಜೀವಿಧಾಮವಾಯಿತು.

ಲಕ್ಷ್ಮೇಶ್ವರ, ಹಾವೇರಿ ದಾಟಿ ರಾತ್ರಿ ರಾಣೆಬೆನ್ನೂರಿನಲ್ಲಿ ಉಳಿದು, ಐದನೆಯ ದಿನ ಸೂರ್ಯ ಮೂಡುವ ಹೊತ್ತಿಗೆ 1974ರಲ್ಲಿ ಸ್ಥಾಪನೆಯಾದ, 119 ಚದರ ಕಿಲೋಮೀಟರಿನ ಕೃಷ್ಣಮೃಗಧಾಮಕ್ಕೆ. ಇಲ್ಲಿ ನೀಲಗಿರಿ ತೋಪುಗಳು ಕಾಣುತ್ತವೆ. ಬಯಲನ್ನು ಕಾಡು ಮಾಡುವ ಹುರುಪಿನಲ್ಲಿ ನೆಟ್ಟ ಆ ಮರಗಳಿಂದ ಹುಲ್ಲಿನ ಜೀವಿಗಳಿಗೆ ಜಾಗ ಕಡಿಮೆಯಾಯಿತು. ಹಿಂದೆ ಇಲ್ಲಿ ಕಾಣುತ್ತಿದ್ದ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಇಂದು ರಾಜ್ಯದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ. ಅದನ್ನು ಹುಡುಕಿಕೊಂಡು ಗುಂಪು ಕಟ್ಟಿ ಸಿರುಗುಪ್ಪಕ್ಕೆ ಹೋಗಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಉಳಿದಿರುವ ಕೆಲವೇ ಹಕ್ಕಿಗಳಿಗೆ ನಮ್ಮ ಭೇಟಿಗಿಂತ ನಮ್ಮ ಗೈರುಹಾಜರಿಯೇ ಹೆಚ್ಚು ಉಪಕಾರ.

ಒಂಬತ್ತಕ್ಕೆ ತಿಂಡಿ ಮುಗಿಸಿ ಹೊರಟರೆ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಕಾರ್ಕಳದ ದಾರಿಯಲ್ಲಿ ಮುನ್ನೂರು ಕಿಲೋಮೀಟರಿಗೆ ತುಸು ಹೆಚ್ಚು. ಆಗುಂಬೆ ಘಾಟಿಯ ತಿರುವುಗಳು ಬಿಗಿ. ಟೆಂಪೊ ಟ್ರಾವೆಲರ್ ತಂದವರು ಆ ದಿನಗಳಲ್ಲಿ ಯಾವ ವಾಹನಕ್ಕೆ ಬಿಡುತ್ತಾರೆಂದು ತೀರ್ಥಹಳ್ಳಿಯಲ್ಲೇ ವಿಚಾರಿಸಿಕೊಳ್ಳಿ. ಎರಡನೇ ಗೇರಿನಲ್ಲಿ ಇಳಿಯಿರಿ, ಬ್ರೇಕನ್ನೇ ಒತ್ತಿಹಿಡಿಯಬೇಡಿ. ಕತ್ತಲಾಗುವ ಮೊದಲು ಸೋಮೇಶ್ವರ ತಲುಪಿದರೆ ಉಳಿದದ್ದು ಪರಿಚಿತ ರಸ್ತೆ.

ಒಟ್ಟು ಓಡಾಟ ಸಾವಿರದ ಐವತ್ತರಿಂದ ಸಾವಿರದ ನೂರು ಕಿಲೋಮೀಟರ್. ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುವ ಕಾರಿಗೆ ಎಪ್ಪತ್ತು ಲೀಟರಿಗೆ ತುಸು ಹೆಚ್ಚು ಪೆಟ್ರೋಲ್, ಲೀಟರಿಗೆ ನೂರು ರೂಪಾಯಿ ಆಸುಪಾಸಿನ ದರದಲ್ಲಿ ಏಳು ಸಾವಿರದ ಮೇಲೆ. ನಾಲ್ವರಲ್ಲಿ ಹಂಚಿದರೆ ತಲೆಗೆ ಸಾವಿರದ ಎಂಟುನೂರು. ಕೋಣೆ, ಊಟ, ಪ್ರವೇಶ ಶುಲ್ಕ ಬೇರೆ. ಹೊರಡುವ ಮೊದಲೇ ಎಲ್ಲರಿಂದ ಸಮಾನ ಮೊತ್ತ ಸೇರಿಸಿ ಒಬ್ಬರ ಕೈಗೆ ಕೊಟ್ಟುಬಿಟ್ಟರೆ ಪ್ರತಿ ಹೋಟೆಲಿನಲ್ಲೂ ಲೆಕ್ಕ ಮಾಡುತ್ತ ಕೂರುವುದು ತಪ್ಪುತ್ತದೆ.

ಚಿಂಕಾರ ನೋಡಬೇಕೆನ್ನುವವರಿಗೆ ಈ ಐದು ದಿನ ಸಾಲದು. ಅದಕ್ಕೆ ಶಿರಾ ಬಳಿಯ ಬುಕ್ಕಾಪಟ್ಟಣ ಇದೆ, ಬಾಗಲಕೋಟೆಯ ಯಡಹಳ್ಳಿ ಇದೆ. ಎರಡೂ ಹೊಸ ಧಾಮಗಳು. ಪ್ರವಾಸಿಗರಿಗೆಂದು ಸಜ್ಜಾದ ಜಾಗಗಳಲ್ಲ. ಅಲ್ಲಿಗೆ ಮೂರು ಕಾರು ಬೇಡ, ಒಂದೇ ಸಾಕು.